ಮಣ್ಣಿಗೂ ಲೆಕ್ಕ ಇಟ್ಟ ಆಡಿಟರ್: ಜೆ.ಸಿ. ಕುಮಾರಪ್ಪ

ಬ್ಯಾಲೆನ್ಸ್ ಶೀಟ್ ಅಂದ್ರೆ ಕಾಮರ್ಸ್‌ನವರ ಪಾಡು, ನಮಗ್ಯಾಕೆ ಅಂತ ನಾವು ಎಂಜಿನಿಯರಿಂಗ್‌ನವರು ಅಂದುಕೊಳ್ಳೋದುಂಟು. ಆದರೆ ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ನಾವು ಮೊದಲು ಕಲಿಯೋದೂ ಲೆಕ್ಕ ಇಡೋದನ್ನೇ. ಸಿಸ್ಟಮ್ ಸುತ್ತ ಒಂದು ಗೆರೆ ಎಳೆದು, ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಅಂತ ಬರೆಯುತ್ತೇವೆ. ಗೆರೆ ತಪ್ಪಿದರೆ ಉತ್ತರವೂ ತಪ್ಪು. ದೇಶದ ಖಜಾನೆಯ ಲೆಕ್ಕದಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನೋ ಪ್ರಶ್ನೆಗೇ ತಮ್ಮ ಬದುಕನ್ನು ಕೊಟ್ಟವರು ಜೆ.ಸಿ. ಕುಮಾರಪ್ಪ. ಗಾಂಧೀಜಿಯ ಅರ್ಥಶಾಸ್ತ್ರಜ್ಞ ಅಂತ ಅವರ ಹೆಸರು ಕೇಳಿರುತ್ತೇವೆ. ಕಸುಬಿನಿಂದ ಅವರು ಆಡಿಟರ್.

ಹುಟ್ಟಿದ್ದು 1892ರ ಜನವರಿ 4ರಂದು, ತಂಜಾವೂರಿನ ಒಂದು ತಮಿಳು ಕ್ರೈಸ್ತ ಕುಟುಂಬದಲ್ಲಿ. ಆಗಿನ ಹೆಸರು ಜೋಸೆಫ್ ಚೆಲ್ಲದುರೈ ಕಾರ್ನೇಲಿಯಸ್. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು ಬಂದು ಮುಂಬಯಿಯಲ್ಲಿ ಸ್ವಂತ ಸಂಸ್ಥೆ ನಡೆಸಿದರು. ಸೂಟು ಬೂಟಿನ ಮನುಷ್ಯ, ಸಂಪಾದನೆಯೂ ಚೆನ್ನಾಗಿತ್ತು. 1927ರಲ್ಲಿ ಅಮೆರಿಕಕ್ಕೆ ಹೋಗಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ಆಡಳಿತದ ಪದವಿ ಪಡೆದರು. ಆಮೇಲೆ ಕೊಲಂಬಿಯಾದಲ್ಲಿ ಸಾರ್ವಜನಿಕ ಹಣಕಾಸು ಓದಲು ಸೇರಿದರು.

ಅಲ್ಲೇ ಅವರ ದಾರಿ ತಿರುಗಿತು. ಭಾರತ ಯಾಕೆ ಬಡವಾಗಿದೆ ಅನ್ನೋ ವಿಷಯದ ಮೇಲೆ ನ್ಯೂಯಾರ್ಕಿನ ಒಂದು ಚರ್ಚಿನಲ್ಲಿ ಅವರು ಮಾಡಿದ ಭಾಷಣದ ವರದಿ ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿದ ಪ್ರೊಫೆಸರ್ ಎಡ್ವಿನ್ ಸೆಲಿಗ್‌ಮನ್, ಅದನ್ನೇ ಸಂಶೋಧನೆ ಮಾಡು ಅಂದರು. ಕುಮಾರಪ್ಪನವರು ಬ್ರಿಟಿಷ್ ಭಾರತದ ಆಯವ್ಯಯವನ್ನು ಆಡಿಟರ್ ಕಣ್ಣಿನಿಂದ ಓದತೊಡಗಿದರು. ಜಮಾ ಖರ್ಚು ಎರಡೂ ಕೂಡಿಬರುತ್ತಿದ್ದವು. ಆದರೆ ತೆರಿಗೆ ಕಟ್ಟುವವನು ಹಳ್ಳಿಯ ರೈತ, ಖರ್ಚಿನ ದೊಡ್ಡ ಪಾಲು ಹೋಗೋದು ಸೈನ್ಯಕ್ಕೆ, ಸಾಲದ ಬಡ್ಡಿಗೆ, ಆಳುವವರ ಸಂಬಳ ಪಿಂಚಣಿಗೆ. ಕೊಟ್ಟವನಿಗೆ ಏನು ವಾಪಸ್ ಬಂತು ಅನ್ನೋ ಕಾಲಮ್ಮೇ ಆ ಪುಸ್ತಕದಲ್ಲಿ ಇರಲಿಲ್ಲ.

ಆ ಹಸ್ತಪ್ರತಿ ಹಿಡಿದುಕೊಂಡು 1929ರ ಮೇ 9ರಂದು ಅವರು ಸಾಬರಮತಿ ಆಶ್ರಮಕ್ಕೆ ಹೋದರು. ಮರದ ಕೆಳಗೆ ಕೂತು ನೂಲುತ್ತಿದ್ದ ಮುದುಕರೇ ಗಾಂಧಿ ಅಂತ ಮೊದಲು ಗೊತ್ತಾಗಲಿಲ್ಲವಂತೆ. ಗಾಂಧೀಜಿ ಅದನ್ನು ಓದಿ ಯಂಗ್ ಇಂಡಿಯಾದಲ್ಲಿ ಕಂತುಕಂತಾಗಿ ಪ್ರಕಟಿಸಿದರು. ಅಷ್ಟಕ್ಕೇ ಬಿಡದೆ, ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳನ್ನು ಸಮೀಕ್ಷೆ ಮಾಡಲು ಹಚ್ಚಿದರು. ಗುಜರಾತ್ ವಿದ್ಯಾಪೀಠದ ಹುಡುಗರನ್ನು ಕಟ್ಟಿಕೊಂಡು ಕುಮಾರಪ್ಪನವರು ಮನೆಮನೆ ಸುತ್ತಿ ಆದಾಯ, ಸಾಲ, ಕಂದಾಯ ಎಲ್ಲ ಬರೆದರು. ಅಲ್ಲಿಂದ ಸೂಟು ಹೋಗಿ ಖಾದಿ ಬಂತು. ಕಾರ್ನೇಲಿಯಸ್ ಅನ್ನೋ ಹೆಸರೂ ಹೋಗಿ ಮನೆತನದ ಹಳೆಯ ಹೆಸರು ಕುಮಾರಪ್ಪ ಉಳಿಯಿತು.

1931ರಲ್ಲಿ ಭಾರತ ಮತ್ತು ಬ್ರಿಟನ್ ನಡುವಿನ ಸಾಲದ ಲೆಕ್ಕ ಪರಿಶೀಲಿಸಲು ಕಾಂಗ್ರೆಸ್ ಒಂದು ಸಮಿತಿ ಮಾಡಿತು. ಕುಮಾರಪ್ಪನವರೇ ಸಂಚಾಲಕರು. ಭಾರತದ ಗಡಿಯಾಚೆ ಬ್ರಿಟಿಷರು ಮಾಡಿದ ಯುದ್ಧಗಳ ಖರ್ಚು, 1857ರ ದಂಗೆ ಅಡಗಿಸಿದ ಖರ್ಚು, ಇವೆಲ್ಲ ಭಾರತದ ಸಾಲ ಅಂತ ಪುಸ್ತಕದಲ್ಲಿ ಕೂತಿದ್ದವು. ಈಸ್ಟ್ ಇಂಡಿಯಾ ಕಂಪನಿಯ ವಿಷಯವನ್ನೇ ನೋಡಿ. ಅದರ 60 ಲಕ್ಷ ಪೌಂಡ್ ಷೇರಿಗೆ ವರ್ಷಕ್ಕೆ ಶೇ. 10.5ರಂತೆ 6 ಲಕ್ಷ 30 ಸಾವಿರ ಪೌಂಡ್ ಡಿವಿಡೆಂಡ್ ಕೊಡಬೇಕು, ಅದು ಭಾರತದ ಕಂದಾಯದಿಂದಲೇ ಹೋಗಬೇಕು ಅಂತ 1833ರ ಕಾನೂನು ಹೇಳಿತ್ತು. ಕಂಪನಿಯ ಆಳ್ವಿಕೆ 1858ರಲ್ಲಿ ಮುಗಿದ ಮೇಲೂ ಷೇರುದಾರರಿಗೆ ಹಣ ಹೋಗುತ್ತಲೇ ಇತ್ತು. ತಮ್ಮನ್ನು ಆಳಿದ ಕಂಪನಿಯ ಲಾಭವನ್ನು ಆಳಿಸಿಕೊಂಡವರೇ ತುಂಬಿಕೊಡಬೇಕು! ಕೂಡಿ ಕಳೆಯೋದರಲ್ಲಿ ಒಂದು ಪೈಸೆ ತಪ್ಪಿರಲಿಕ್ಕಿಲ್ಲ. ಯಾರ ಖರ್ಚನ್ನು ಯಾರ ಹೆಸರಿಗೆ ಬರೆದಿದ್ದಾರೆ ಅನ್ನೋದರಲ್ಲಿ ಮೋಸ ಇತ್ತು. ಈ ಋಣದಲ್ಲಿ ಬಹುಪಾಲು ಭಾರತದ್ದಲ್ಲ ಅನ್ನೋದು ಸಮಿತಿಯ ವಾದ.

ಬೇರೆಯವರ ಲೆಕ್ಕ ಕೆದಕುವವರು ತಮ್ಮವರ ಲೆಕ್ಕಕ್ಕೆ ಬಂದಾಗ ಸಡಿಲ ಬಿಡೋದುಂಟು. ಕುಮಾರಪ್ಪನವರು ಬಿಟ್ಟವರಲ್ಲ. 1934ರ ಜನವರಿ 15ರ ಬಿಹಾರ ಭೂಕಂಪದ ಪರಿಹಾರ ನಿಧಿಯ ಲೆಕ್ಕ ಅವರ ಕೈಗೆ ಬಂತು. ರಾಜೇಂದ್ರ ಪ್ರಸಾದರು ಆ ಸಮಿತಿಯ ಅಧ್ಯಕ್ಷರು. ಕಾರ್ಯಕರ್ತರ ಊಟಕ್ಕೆ ದಿನಕ್ಕೆ ಇಷ್ಟೇ ಆಣೆ ಅಂತ ಕುಮಾರಪ್ಪನವರು ಕಟ್ಟುನಿಟ್ಟು ಮಾಡಿದರು. ಗಾಂಧೀಜಿ ಮತ್ತು ಅವರ ಜೊತೆಯವರು ಬಂದಾಗ ಹಾಲು, ಹಣ್ಣು, ಓಡಾಟ ಅಂತ ಖರ್ಚು ಆ ಮಿತಿ ದಾಟಿತು. ಇದು ಸಂತ್ರಸ್ತರ ಹಣ, ನಿಮ್ಮ ಖರ್ಚು ನೀವೇ ನೋಡಿಕೊಳ್ಳಿ ಅಂತ ಮಹದೇವ ದೇಸಾಯಿಯವರಿಗೆ ನೇರವಾಗಿ ತಿಳಿಸಿದರು. ಗಾಂಧೀಜಿ ಬೇಸರಪಡದೆ ಒಪ್ಪಿಕೊಂಡರು. ದೊಡ್ಡ ಕೊಡುಗೈಗಳು ಹಣ ಕೊಟ್ಟದ್ದೇ ಅದು ಸರಿಯಾದ ಕಡೆ ಹೋಗುತ್ತೆ ಅನ್ನೋ ನಂಬಿಕೆಯಿಂದ ಅಲ್ವಾ?

ಅದೇ ವರ್ಷದ ಕೊನೆಗೆ ವರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾಯಿತು, ಕುಮಾರಪ್ಪನವರು ಕಾರ್ಯದರ್ಶಿಯಾದರು. ಮಗನ್‌ವಾಡಿಯಲ್ಲಿ ಎತ್ತಿನ ಗಾಣ, ಕೈಕಾಗದ, ಜೇನು, ತಾಳೆಬೆಲ್ಲ ಎಲ್ಲದರ ಮೇಲೂ ಪ್ರಯೋಗ ನಡೆಯಿತು. ಸೀಮೆಎಣ್ಣೆಯ ಬದಲು ಸಸ್ಯದ ಎಣ್ಣೆಯಲ್ಲಿ ಉರಿಯುವ ಮಗನ್ ದೀಪ ಅಲ್ಲಿಯದೇ. ನಾವು ಇದನ್ನು ಹಳೆಯ ಕಾಲದ ಹಂಬಲ ಅಂದುಕೊಂಡರೆ ತಪ್ಪುತ್ತೇವೆ. ಪ್ರತಿ ಉಪಕರಣಕ್ಕೂ ಅವರು ಕೇಳುತ್ತಿದ್ದುದು ಎಂಜಿನಿಯರ್ ಪ್ರಶ್ನೆ: ಇದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತೆ, ಖರ್ಚಾದದ್ದು ಮತ್ತೆ ತುಂಬುತ್ತಾ?

ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದಾಗ, ಜಬಲ್ಪುರದ ಸೆರೆಮನೆಯಲ್ಲಿ ಈ ಪ್ರಶ್ನೆಯೇ ಎಕಾನಮಿ ಆಫ್ ಪರ್ಮನೆನ್ಸ್ ಅನ್ನೋ ಪುಸ್ತಕವಾಯಿತು. ಕಲ್ಲಿದ್ದಲು, ಪೆಟ್ರೋಲಿಯಂ, ಅದಿರು ಇವು ತೊಟ್ಟಿಯಲ್ಲಿ ಕೂಡಿಟ್ಟ ನೀರಿನ ಹಾಗೆ, ತೆಗೆದಷ್ಟೂ ಕಡಿಮೆ. ಹರಿಯುವ ನೀರು, ಬೆಳೆಯುವ ಕಾಡು ಹೊಳೆಯ ಹಾಗೆ, ಹದವಾಗಿ ಬಳಸಿದರೆ ಮತ್ತೆ ಬರುತ್ತೆ. ತೊಟ್ಟಿಯಿಂದ ಬದುಕುವ ಅರ್ಥವ್ಯವಸ್ಥೆ ಕೊನೆಗೆ ಜಗಳಕ್ಕೆ, ಯುದ್ಧಕ್ಕೆ ಹೋಗುತ್ತೆ ಅನ್ನೋದು ಅವರ ಎಚ್ಚರಿಕೆ. ಆಡಿಟರ್ ಮಾತಿನಲ್ಲಿ ಹೇಳೋದಾದರೆ, ಬಂಡವಾಳ ಕರಗಿಸಿ ತಿನ್ನುವುದನ್ನು ಆದಾಯ ಅಂತ ಬರೆಯಬಾರದು. 1940ರ ದಶಕದಲ್ಲೇ ಈ ವಿಷಯಕ್ಕೆ ಒಂದು ಇಡೀ ಪುಸ್ತಕ ಬರೆದವರು ಎಷ್ಟು ಜನ ಇದ್ದಾರು?

ಅವರನ್ನು ದೇವರು ಮಾಡೋದು ಬೇಡ. ಮುಂಗೋಪಿ ಅಂತಲೇ ಹೆಸರಾಗಿದ್ದರು. 1938ರಲ್ಲಿ ನೆಹರೂ ಅಧ್ಯಕ್ಷತೆಯ ರಾಷ್ಟ್ರೀಯ ಯೋಜನಾ ಸಮಿತಿ ಸೇರಿ, ದಾರಿ ಬೃಹತ್ ಕೈಗಾರಿಕೆಯದು ಅನ್ನಿಸಿದಾಗ ಹೊರಬಂದರು. ಟ್ರ್ಯಾಕ್ಟರ್, ರಾಸಾಯನಿಕ ಗೊಬ್ಬರ ಅಂದರೆ ಸಿಡುಕುತ್ತಿದ್ದರು. ಗಾಣ ತಿರುಗಿಸುವವನ, ಒನಕೆ ಹಿಡಿದವಳ ಮೈನೋವಿಗೂ ಆ ಪುಸ್ತಕದಲ್ಲಿ ಒಂದು ಕಾಲಮ್ ಬೇಕಿತ್ತು ಅಂತ ನಮಗೆ ಅನ್ನಿಸುತ್ತೆ. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ 1949ರಲ್ಲಿ ವರದಿ ಕೊಟ್ಟರು. ಆದರೆ ದೆಹಲಿಯ ಯೋಜನೆಗಳು ಅವರ ದಾರಿ ಹಿಡಿಯಲಿಲ್ಲ. ಕೊನೆಯ ವರ್ಷಗಳನ್ನು ಮಧುರೈ ಹತ್ತಿರದ ಕಲ್ಲುಪಟ್ಟಿಯ ಆಶ್ರಮದಲ್ಲಿ ಕಳೆದರು. 1960ರ ಜನವರಿ 30ರಂದು, ಗಾಂಧೀಜಿ ಹೋದ ದಿನವೇ, ಮದ್ರಾಸಿನಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಮಾತ್ರ ಇನ್ನೂ ಬಾಕಿ ಇದೆ. ನಮ್ಮ ಸರ್ಕಾರಗಳ ಲೆಕ್ಕ ಇವತ್ತಿಗೂ ಬಹುಮಟ್ಟಿಗೆ ನಗದು ಪದ್ಧತಿಯದು. ಹಣ ಬಂದಾಗ ಜಮಾ, ಹೋದಾಗ ಖರ್ಚು. ಸಂಡೂರಿನ ಗುಡ್ಡದಿಂದ ಅದಿರು ಹೋದರೆ ರಾಜಧನ ಸರ್ಕಾರದ ಆದಾಯವಾಗಿ ಬರುತ್ತೆ, ಗುಡ್ಡ ಕರಗಿದ್ದು ಆ ಲೆಕ್ಕದ ಎದುರು ಎಲ್ಲೂ ಬರೋದಿಲ್ಲ. ಸೆಬಿ 2022-23ರಿಂದ ದೊಡ್ಡ 1000 ಲಿಸ್ಟೆಡ್ ಕಂಪನಿಗಳಿಗೆ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. ಸರ್ಕಾರದ ಕಡೆಯೂ ಕೆಲಸ ಶುರುವಾಗಿದೆ: ಸಿಎಜಿ ಅಡಿಯ ಲೆಕ್ಕಪತ್ರ ಮಾನಕ ಮಂಡಳಿ 2020ರಲ್ಲಿ ನೈಸರ್ಗಿಕ ಸಂಪತ್ತಿನ ಲೆಕ್ಕ ಇಡುವ ಬಗ್ಗೆ ಪರಿಕಲ್ಪನಾ ಪತ್ರ ತಂದಿತು. ಸಾರ್ವಜನಿಕ ವಲಯದ ಅಂತರರಾಷ್ಟ್ರೀಯ ಮಾನಕ ಮಂಡಳಿ 2024ರಲ್ಲಿ ಹವಾಮಾನ ವರದಿಯ ಕರಡು ಹೊರಡಿಸಿತು.

ಈ ವರದಿಗಳಿಗೆ ಬೇಕಾದ ಅಂಕಿಗಳು, ಅಂದರೆ ಎಷ್ಟು ಟನ್ ಅದಿರು, ಎಷ್ಟು ಲೀಟರ್ ನೀರು, ಎಷ್ಟು ಯೂನಿಟ್ ವಿದ್ಯುತ್, ಅಳೆದು ಕೊಡಬೇಕಾದವರು ನಾಳೆ ಇಲಾಖೆ, ಕಾರ್ಖಾನೆ ಸೇರುವ ನಾವೇ. ಮೀಟರ್ ಎಲ್ಲಿ ಕೂರಿಸಬೇಕು, ಗೆರೆ ಎಲ್ಲಿ ಎಳೆಯಬೇಕು ಅನ್ನೋದು ನಮ್ಮ ಕೈಯಲ್ಲೇ ಇರುತ್ತೆ. ಅದಕ್ಕೆ ಮೊದಲು ಎಕಾನಮಿ ಆಫ್ ಪರ್ಮನೆನ್ಸ್ ಎಲ್ಲಾದರೂ ಸಿಕ್ಕರೆ ಒಮ್ಮೆ ಓದಿ. ಪುಸ್ತಕವೇನೂ ದಪ್ಪ ಇಲ್ಲ.