ಯಾರೂ ಬಿಗಿಯದ ತಗಡು

ಕಳೆದ ಸಲದ ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ‘ಶಬ್ದ’ ಪಾಠ ನೋಡಲು ಹೋಗಿದ್ದೆ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧವಾಗಿ ಬಂದಿದ್ದರು. ಸ್ಟೀಲ್ ಬೋಗುಣಿಯ ಬಾಯಿಗೆ ಬಲೂನಿನ ರಬ್ಬರ್ ಬಿಗಿದು, ಮೇಲೆ ಒಂದು ಚಿಟಿಕೆ ರವೆ ಉದುರಿಸಿ, ಪಕ್ಕದಲ್ಲಿ ತಟ್ಟೆಯೊಂದನ್ನು ಬಡಿದರು. ರವೆ ಕುಣಿಯಿತು, ಮಕ್ಕಳೂ ಕುಣಿದರು. ಆಮೇಲೆ ಲೋಹದ ತಗಡಿನ ಮೇಲೆ ಮರಳು ಗೆರೆಗೆರೆಯಾಗಿ ನಿಂತಿರುವ ಚಿತ್ರವೊಂದನ್ನು ತೋರಿಸಿ, ಇದೂ ಅದೇ ಎಂದರು. ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ರಬ್ಬರನ್ನು ನಾವು ಎಳೆದು ಕಟ್ಟಿದ್ದೇವೆ, ಆ ತಗಡನ್ನು ಯಾರೂ ಎಳೆದಿಲ್ಲವಲ್ಲ, ಅದೇಕೆ ನಡುಗಬೇಕು ಎಂದು ಕೇಳಿದಳು. ಗಂಟೆ ಹೊಡೆಯಲು ನಾಲ್ಕೇ ನಿಮಿಷ ಉಳಿದಿತ್ತು. ಆಮೇಲೆ ಹೇಳುವೆ ಎಂದು ಅವರು ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಯ ನಿರ್ವಹಣೆ ಉತ್ತಮ’ ಎಂದು ಬರೆದೆ.

ಮನೆಗೆ ಬಂದ ಮೇಲೆ ಆ ಸಾಲು ಚುಚ್ಚತೊಡಗಿತು. ಹುಡುಗಿ ಕೇಳಿದ್ದು ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ಸಿನ ಗಣಿತಜ್ಞರನ್ನೇ ಕಟ್ಟಿಹಾಕಿದ್ದ ಪ್ರಶ್ನೆ. ಅದನ್ನು ಕೈಗೆತ್ತಿಕೊಂಡು ಕೊನೆಯವರೆಗೂ ಬಿಡದೆ ಹಿಡಿದಾಕೆ ಸೋಫಿ ಜರ್ಮೇನ್.

ಸೋಫಿ ಹುಟ್ಟಿದ್ದು 1776ರ ಏಪ್ರಿಲ್ 1ರಂದು, ಪ್ಯಾರಿಸ್ಸಿನಲ್ಲಿ. ತಂದೆ ರೇಷ್ಮೆ ವ್ಯಾಪಾರಿ. 1789ರಲ್ಲಿ ಕ್ರಾಂತಿಯ ಗಲಭೆ ಬೀದಿಗಿಳಿದಾಗ ಹದಿಮೂರರ ಹುಡುಗಿಗೆ ಮನೆಯೇ ಲೋಕವಾಯಿತು. ತಂದೆಯ ಪುಸ್ತಕಗಳ ನಡುವೆ ಗಣಿತದ ಇತಿಹಾಸವೊಂದು ಸಿಕ್ಕಿತು. ರೇಖಾಗಣಿತದ ಚಿತ್ರದಲ್ಲಿ ಮುಳುಗಿದ್ದಾಗಲೇ ಸೈನಿಕನ ಕತ್ತಿಗೆ ಸಿಕ್ಕ ಆರ್ಕಿಮಿಡೀಸನ ಕಥೆ ಅದರಲ್ಲಿತ್ತು. ಸಾವನ್ನೂ ಮರೆಸುವಂಥದ್ದು ಈ ವಿದ್ಯೆಯಲ್ಲಿ ಏನಿರಬಹುದು ಎಂದು ಅವಳು ಓದಲು ಕೂತಳು. ಹೆತ್ತವರು ರಾತ್ರಿ ದೀಪ ತೆಗೆದಿಟ್ಟರು, ಬೆಂಕಿ ಆರಿಸಿದರು, ಬೆಚ್ಚನೆಯ ಬಟ್ಟೆಯನ್ನೂ ಒಯ್ದರು. ಅವಳು ಬಚ್ಚಿಟ್ಟ ಮೇಣದಬತ್ತಿ ಹಚ್ಚಿ, ಕಂಬಳಿ ಹೊದ್ದು, ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿ ಲೆಕ್ಕ ಮಾಡುತ್ತಿದ್ದಳು ಎನ್ನುತ್ತಾರೆ. ಈ ಕಥೆಯನ್ನು ನಾನೂ ಎಷ್ಟೋ ತರಗತಿಗಳಲ್ಲಿ ಹೇಳಿ, ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕೇಳುವವರಿಗೆ ರೋಮಾಂಚನವಾಗುತ್ತದೆ. ಆದರೆ ನಮ್ಮ ವೃತ್ತಿಗೆ ಸಂಬಂಧಿಸಿದ್ದೆಲ್ಲ ಇದರ ಮುಂದಿದೆ.

1794ರಲ್ಲಿ ಎಕೋಲ್ ಪಾಲಿಟೆಕ್ನಿಕ್ ತೆರೆಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸೋಫಿ ಉಪನ್ಯಾಸಗಳ ಟಿಪ್ಪಣಿ ತರಿಸಿಕೊಂಡು ಓದಿ, ಲೆಬ್ಲಾಂಕ್ ಎಂಬ ಗಂಡಸಿನ ಹೆಸರಿನಲ್ಲಿ ಲಗ್ರಾಂಜ್‌ಗೆ ತನ್ನ ಬರಹ ಒಪ್ಪಿಸಿದಳು. ಅದರ ಸತ್ವ ಕಂಡ ಲಗ್ರಾಂಜ್ ವಿದ್ಯಾರ್ಥಿಯನ್ನು ಹುಡುಕಿದರು. ಅದು ಹೆಣ್ಣೆಂದು ತಿಳಿದ ಮೇಲೂ ಬೆನ್ನು ತಿರುಗಿಸಲಿಲ್ಲ. ಅದೇ ಹೆಸರಿನಲ್ಲಿ 1804ರಿಂದ ಜರ್ಮನಿಯ ಗಾಸ್‌ಗೂ ಪತ್ರ ಹೋಗತೊಡಗಿತು. ನೆಪೋಲಿಯನ್ನನ ಸೇನೆ ಗಾಸ್‌ ಇದ್ದ ಊರಿಗೆ ನುಗ್ಗಿದಾಗ, ಆರ್ಕಿಮಿಡೀಸನಿಗೆ ಆದದ್ದು ಇವರಿಗೂ ಆದೀತೆಂದು ಹೆದರಿ, ಪರಿಚಯದ ಸೇನಾಧಿಕಾರಿಗೆ ಹೇಳಿ ಕಳುಹಿಸಿದಳು. ಗುಟ್ಟು ಹೊರಬಿದ್ದದ್ದು ಹಾಗೆ. ಫರ್ಮಾನ ಕೊನೆಯ ಪ್ರಮೇಯದ ಮೇಲೆ ಆಕೆ ಮಾಡಿದ ಕೆಲಸ ಇನ್ನೊಂದು ಲೇಖನಕ್ಕಾಗುವಷ್ಟಿದೆ.

1808ರ ಕೊನೆಗೆ ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ ಪ್ಯಾರಿಸ್ಸಿಗೆ ಬಂದರು. ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ನಡುಗುವ ಕಡೆಯಿಂದ ಜಾರಿ, ನಡುಗದ ಕಡೆ ಗೆರೆಯಾಗಿ ಸೇರುತ್ತಿತ್ತು. ಕಮಾನು ಎಳೆಯುವ ಅಥವಾ ಬೆರಳಿಡುವ ಜಾಗ ಬದಲಿಸಿದರೆ ಸ್ವರವೂ ಚಿತ್ರವೂ ಬದಲು. ಕಿವಿಗೆ ಮಾತ್ರ ಸಿಗುತ್ತಿದ್ದದ್ದು ಹೀಗೆ ಕಣ್ಣಿಗೂ ಸಿಕ್ಕಿತು. ನೆಪೋಲಿಯನ್ ನೋಡಿ ಬೆರಗಾದ. ಇದರ ಗಣಿತ ಕಟ್ಟಿ, ಪ್ರಯೋಗಕ್ಕೆ ಹೋಲಿಸಿ ತೋರಿಸಿದವರಿಗೆ 3,000 ಫ್ರಾಂಕ್ ಬಹುಮಾನವೆಂದು ಫ್ರಾನ್ಸಿನ ಇನ್‌ಸ್ಟಿಟ್ಯೂಟ್ 1809ರಲ್ಲಿ ಸಾರಿತು. ತಂತಿಯ ಗಣಿತ ಗೊತ್ತಿತ್ತು. ತಗಡನ್ನು ಅಡ್ಡ ಉದ್ದ ಜೋಡಿಸಿದ ಪಟ್ಟಿಗಳೆಂದು ಎಣಿಸಿದ್ದ ಹಿಂದಿನ ಯತ್ನ ಪ್ರಯೋಗಕ್ಕೆ ಹೊಂದಿರಲಿಲ್ಲ. ಇರುವ ಗಣಿತ ಇದಕ್ಕೆ ಸಾಲದೆಂಬ ಲಗ್ರಾಂಜ್‌ರ ಅಭಿಪ್ರಾಯ ಕೇಳಿ ಉಳಿದವರು ಹಿಂದೆ ಸರಿದರು.

1811ರಲ್ಲಿ ಬಂದದ್ದು ಒಂದೇ ಒಂದು ಪ್ರಬಂಧ, ಸೋಫಿಯದು. ಅದರ ತಿರುಳು ಸರಳ. ತಗಡನ್ನು ಯಾರೂ ಬಿಗಿಯಬೇಕಿಲ್ಲ. ಬಾಗಿದಾಗ ಅದು ತಾನೇ ಮೊದಲಿನಂತಾಗಲು ಹಟ ಹಿಡಿಯುತ್ತದೆ. ಆ ಹಟ ಎಷ್ಟೆಂಬುದು ಒಂದು ಬಿಂದುವಿನಲ್ಲಿ ಎರಡು ದಿಕ್ಕಿನ ಬಾಗು ಎಷ್ಟಿದೆ ಎಂಬುದರ ಮೇಲೆ ನಿಲ್ಲುತ್ತದೆ. ಊಹೆ ಫಲ ಕೊಡುವಂಥದ್ದೇ. ಆದರೆ ಅಲ್ಲಿಂದ ಸಮೀಕರಣಕ್ಕೆ ಇಳಿಯುವ ಹಾದಿಯಲ್ಲಿ ಲೆಕ್ಕ ತಪ್ಪಿತು. ಕಲನಶಾಸ್ತ್ರದ ಆ ಭಾಗವನ್ನು ಎದುರು ಕೂತು ತಿದ್ದಿ ಕಲಿಸಿದವರು ಯಾರೂ ಇರಲಿಲ್ಲವಲ್ಲ. ಬಹುಮಾನ ಸಿಗಲಿಲ್ಲ. ತೀರ್ಪುಗಾರರಲ್ಲಿದ್ದ ಲಗ್ರಾಂಜ್ ಆಕೆಯ ಊಹೆಯಿಂದಲೇ ಹೊರಟು ಸರಿಯಾದ ಸಮೀಕರಣ ಬರೆದರು. ಬಹುಮಾನ ಕೊಡದಿದ್ದರೂ, ತಪ್ಪು ಉತ್ತರದೊಳಗಿನ ಸರಿಯನ್ನು ಹೆಕ್ಕಿ ತೆಗೆದದ್ದು ನನಗೆ ದೊಡ್ಡದೆನಿಸುತ್ತದೆ. ನಾವು ಪಾಠ ಯೋಜನೆಗಳನ್ನು ತಿದ್ದುವಾಗ ಕೆಂಪು ಗೆರೆ ಎಳೆದು ಹಿಂದಿರುಗಿಸುವುದೇ ಹೆಚ್ಚು.

ಅವಧಿ ಮುಂದುವರಿಯಿತು. 1813ರಲ್ಲೂ ಆಕೆಯದೊಂದೇ ಪ್ರಬಂಧ. ಸಮೀಕರಣಕ್ಕೆ ಬರುವ ಹಾದಿ ಈಗಲೂ ಗಟ್ಟಿಯಿರಲಿಲ್ಲ. ಆದರೆ ಅದರಿಂದ ಬಂದ ಫಲ ಪ್ರಯೋಗಕ್ಕೆ ಹೊಂದುತ್ತಿತ್ತು. ಗೌರವದ ಉಲ್ಲೇಖವಷ್ಟೇ ದಕ್ಕಿತು. ಲಗ್ರಾಂಜ್ ಆ ವರ್ಷವೇ ತೀರಿಕೊಂಡರು. ಅಷ್ಟರಲ್ಲಿ ಇನ್‌ಸ್ಟಿಟ್ಯೂಟಿನ ಸದಸ್ಯ ಪಾಯ್ಸನ್ ಇದೇ ವಿಷಯದ ಮೇಲೆ ಸ್ವಂತ ಪ್ರಬಂಧ ಮಂಡಿಸಿದರು. ಆಕೆಯೊಡನೆ ಚರ್ಚೆಗೆ ಮಾತ್ರ ಇಳಿಯಲಿಲ್ಲ. ಮೂರನೆಯ ಯತ್ನಕ್ಕೆ, 1816ರ ಜನವರಿ 8ರಂದು ಬಹುಮಾನ ಬಂತು. ಜೊತೆಗೆ ತರ್ಕ ಇನ್ನೂ ಪೂರ್ತಿಯಾಗಿಲ್ಲವೆಂಬ ಟಿಪ್ಪಣಿಯೂ ಬಂತು. ಆ ಸಮಾರಂಭಕ್ಕೆ ಸೋಫಿ ಹೋಗಲೇ ಇಲ್ಲ. 1821ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸಿದರು. ಅಂಚುಗಳ ವಿಚಾರದಲ್ಲಿ ಉಳಿದಿದ್ದ ತಪ್ಪನ್ನು ಕಿರ್ಕಾಫ್ ಸರಿಪಡಿಸಿದ್ದು 1850ರಲ್ಲಿ.

ಮುಂದೆ ಫೂರಿಯರ್ ಅವರ ನೆರವಿನಿಂದ ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಕೂರಲು ಅವಕಾಶವಾಯಿತು. 1831ರ ಜೂನ್ 27ರಂದು, ಸ್ತನ ಕ್ಯಾನ್ಸರಿನಿಂದ, ಐವತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು. ಮರಣ ದಾಖಲೆಯ ಉದ್ಯೋಗದ ಕಾಲಂನಲ್ಲಿ ಗಣಿತಜ್ಞೆ ಎಂದಿಲ್ಲ, ಆಸ್ತಿಯ ವರಮಾನದಿಂದ ಬದುಕುವವರು ಎಂದಿದೆ. ಐಫೆಲ್ ಗೋಪುರದ ಮೇಲೆ 72 ವಿಜ್ಞಾನಿ, ಇಂಜಿನಿಯರರ ಹೆಸರುಗಳಿವೆ. ಲಗ್ರಾಂಜ್ ಇದ್ದಾರೆ, ಪಾಯ್ಸನ್ ಇದ್ದಾರೆ, ಸೋಫಿ ಇಲ್ಲ.

ಮುಂದಿನ ವಾರ ಪ್ರಶಿಕ್ಷಣಾರ್ಥಿಯೊಂದಿಗೆ ಅದೇ ತರಗತಿಗೆ ಮತ್ತೆ ಹೋದೆ, ಒಂದು ಉಕ್ಕಿನ ಸ್ಕೇಲು ಹಿಡಿದು. ಅದರ ಒಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಇನ್ನೊಂದನ್ನು ಬಾಗಿಸಿ ಬಿಡುವಂತೆ ಆ ಹುಡುಗಿಗೆ ಹೇಳಿದೆವು. ಸ್ಕೇಲು ಗುಂಯ್ ಎಂದಿತು. ಯಾರಾದರೂ ಎಳೆದು ಕಟ್ಟಿದ್ದಾರೆಯೇ ಎಂದು ಪ್ರಶಿಕ್ಷಣಾರ್ಥಿ ಕೇಳಿದರು. ಅವಳು ಉತ್ತರಿಸದೆ ಸ್ಕೇಲನ್ನು ಒಂದಿಷ್ಟು ಒಳಕ್ಕೆ ಸರಿಸಿ ಮತ್ತೆ ಬಿಟ್ಟಳು. ದನಿ ಏರಿತು. ಏಕೆ ಏರಿತು ಎಂದು ಈಗ ಹಿಂದಿನ ಸಾಲಿನ ಹುಡುಗ ಕೇಳಿದ. ಆ ದಿನ ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಹಿಂದಿನ ವಾರ ಬರೆದಿದ್ದ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದೆ.