ವಿಲ್ಹೆಲ್ಮ್ ವಾಗೆನ್ (1841–1900): ಉಪ್ಪಿನ ಬೆಟ್ಟಸಾಲಿನ ಸುಣ್ಣಕಲ್ಲು

ಸುಣ್ಣಕಲ್ಲಿನ ಗಣಿ ಗುತ್ತಿಗೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಭೂವೈಜ್ಞಾನಿಕ ವರದಿಗಳಲ್ಲಿ ‘ಭೀಮಾ ಶಿಲಾಸಮೂಹ’ ಎಂಬಂತಹ ಹೆಸರುಗಳನ್ನು ಗಮನಿಸಿರಬಹುದು. ಶಹಾಬಾದ್ ಕಲ್ಲು ಈ ಸಮೂಹಕ್ಕೆ ಸೇರಿದ್ದು, ಹೆಸರು ನದಿಯಿಂದ ಬಂದುದಾಗಿದೆ. ಶಿಲಾಸ್ತರಗಳಿಗೆ ಸ್ಥಳನಾಮವನ್ನೇ ಏಕೆ ಇಡಲಾಗುತ್ತದೆ ಎಂಬುದಕ್ಕೆ ಭೂವಿಜ್ಞಾನಿ ವಿಲ್ಹೆಲ್ಮ್ ಹೈನ್ರಿಕ್ ವಾಗೆನ್ ಅವರ ಕಾರ್ಯವು ಉತ್ತಮ ನಿದರ್ಶನವಾಗಿದೆ.

ವಾಗೆನ್ ಅವರು 1841ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜನಿಸಿದರು. ಪರ್ಮಿಯನ್ ಕಾಲಕ್ಕೆ ರಷ್ಯಾದ ಪೆರ್ಮ್ ಪ್ರಾಂತ್ಯದಿಂದ ಆ ಹೆಸರು ದೊರೆತದ್ದೂ ಅದೇ ವರ್ಷ. ಜೀವಾವಶೇಷಗಳ ಅಧ್ಯಯನದಲ್ಲಿ ಪರಿಣತಿ ಪಡೆದ ಅವರು 1870ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸೇವೆಗೆ ಸೇರಿದರು.

ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ಸಾಲ್ಟ್ ರೇಂಜ್, ಅಂದರೆ ಉಪ್ಪಿನ ಬೆಟ್ಟಸಾಲಿನ ಸುಣ್ಣಕಲ್ಲಿನಲ್ಲಿ ‘ಪ್ರೊಡಕ್ಟಸ್’ ಎಂಬ ಎರಡು ಚಿಪ್ಪಿನ ಕಡಲಜೀವಿಯ ಅವಶೇಷಗಳು ಹೇರಳವಾಗಿವೆ. ಅದೇ ಕಲ್ಲಿನಲ್ಲಿ ಸುರುಳಿ ಚಿಪ್ಪಿನ ಅಮ್ಮೊನೈಟ್ ಸಹ ಇರುವುದನ್ನು ವಾಗೆನ್ ಅವರು 1872ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮವು ಇದೇ ವರ್ಗದ ಜೀವಿಯ ಅವಶೇಷವೆಂದರೆ ಓದುಗರಿಗೆ ಸುಲಭವಾಗಿ ಅರ್ಥವಾದೀತು. ಅಮ್ಮೊನೈಟ್‌ಗಳು ಬಹಳ ನಂತರದ ಕಾಲದವು ಎಂಬುದು ಆಗಿನ ತಿಳಿವಳಿಕೆಯಾಗಿತ್ತು. ಆದುದರಿಂದ ಈ ಒಂದು ಚಿಪ್ಪು ಕಾಲನಿರ್ಣಯದ ಕ್ರಮವನ್ನೇ ಪ್ರಶ್ನೆಗೆ ಒಡ್ಡಿತು. ಆರಂಭದಲ್ಲಿ ಈ ಕಲ್ಲನ್ನು ಕಾರ್ಬಾನಿಫೆರಸ್ ಕಾಲದ್ದೆಂದೇ ಅವರು ಬರೆದಿದ್ದರು.

ಇಲ್ಲಿನ ಹವೆ ಒಗ್ಗದೆ ಆರೋಗ್ಯ ಕೆಟ್ಟು, 1875ರಲ್ಲಿ ಅವರು ಯೂರೋಪಿಗೆ ಮರಳಬೇಕಾಯಿತು. ಕೇವಲ ಐದು ವರ್ಷಗಳ ಸೇವೆ. ಆದರೆ ಕೆಲಸವನ್ನು ಕೈಬಿಡಲಿಲ್ಲ. ಪ್ರಾಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ, ಸಂಗ್ರಹಿಸಿದ ಚಿಪ್ಪುಗಳನ್ನು ಒಂದೊಂದಾಗಿ ವರ್ಣಿಸಿ, 1879ರಿಂದ ಭಾಗಭಾಗವಾಗಿ ಪ್ರಕಟಿಸತೊಡಗಿದರು. ಅವರ ಈ ಗ್ರಂಥಗಳಿಂದ ‘ಪ್ರೊಡಕ್ಟಸ್ ಸುಣ್ಣಕಲ್ಲು’ ಎಂಬ ಹೆಸರು ಲೋಕಪ್ರಸಿದ್ಧವಾಯಿತು. ಅದನ್ನು ಕೆಳ, ಮಧ್ಯ, ಮೇಲು ಎಂದು ವಿಂಗಡಿಸಿ, ಒಳಪದರಗಳಿಗೆ ಅಂಬ್, ವಿರ್ಗಲ್, ಕಾಲಾಬಾಗ್, ಚಿದೇರು ಮುಂತಾದ ಸ್ಥಳೀಯ ಹೆಸರುಗಳನ್ನು ಅವರು ಬಳಸಿದರು. ಸ್ಥಳಕ್ಕೆ ತೆರಳಿ ಪದರವನ್ನು ಮತ್ತೆ ಪರಿಶೀಲಿಸಲು ಇಂತಹ ಹೆಸರೇ ದಾರಿ ತೋರಿಸುತ್ತದೆ. ಗ್ರಂಥಮಾಲೆಯ ಗಾತ್ರಕ್ಕಿಂತ ಇದೇ ಹೆಚ್ಚು ಬಾಳಿಕೆ ಬಂದ ಕೆಲಸವೆನ್ನಬಹುದು.

1890ರಲ್ಲಿ ವಾಗೆನ್ ಅವರು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ತೆರಳಿದರು. 1898ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘವು ಅವರಿಗೆ ಲಯೆಲ್ ಪದಕ ನೀಡಿತು. 1900ರಲ್ಲಿ ವಿಯೆನ್ನಾದಲ್ಲಿ ನಿಧನರಾದರು.

ನಂತರದ ಅಧ್ಯಯನಗಳು ಮೂರೂ ಭಾಗಗಳನ್ನು ಪರ್ಮಿಯನ್ ಕಾಲಕ್ಕೆ, ಅಂದರೆ ಸುಮಾರು 30 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿಸಿವೆ. ಪ್ರೊಡಕ್ಟಸ್ ಎಂದು ಕರೆಯಲಾಗಿದ್ದ ಹಲವು ಚಿಪ್ಪುಗಳು ಬೇರೆ ಕುಲಗಳಿಗೆ ವರ್ಗಾವಣೆಗೊಂಡಿವೆ. 1960ರ ದಶಕದಲ್ಲಿ ಶಿಲಾಸ್ತರಗಳ ನಾಮಕರಣವನ್ನು ಪರಿಷ್ಕರಿಸಿದಾಗ ಜೀವಾವಶೇಷದ ಹೆಸರನ್ನು ಕೈಬಿಡಲಾಯಿತು. ಅಂಬ್, ವಾರ್ಗಲ್ ಮತ್ತು ಛಿದ್ರು ಎಂಬ ಸ್ಥಳನಾಮಗಳು ಮಾತ್ರ ಅಧಿಕೃತವಾಗಿ ಬಳಕೆಯಲ್ಲಿ ಉಳಿದಿವೆ.