ಸ್ನಾಯುವಿನೊಳಗ ಎಲುಬು ಬೆಳೆಸಿದ ಯೂರಿಸ್ಟ್

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ನಾವು ಕಬ್ಬಿನ ಹೊರೆ ಹೊತ್ತು ನಡ ಹಿಡಿದವರನ್ನ ನೋಡಿಕೋತನ ಬೆಳೆದವರು. ಸವೆದ ಬೆನ್ನುಮಣಿಗಳನ್ನು ಬೆಸೆಯುವ ಆಪರೇಷನ್ನೂ ಒಂಥರಾ ವೆಲ್ಡಿಂಗೇ. ಫಿಲ್ಲರ್ ಅಂತ ರೋಗಿಯ ಸೊಂಟದ ಎಲುಬನ್ನೇ ಕೆತ್ತಿ ತುಂಬೋದು ರೂಢಿ. ಆ ಗಾಯದ ನೋವು ಬೇರೆ.

ಇದಕ್ಕೆ ಇನ್ನೊಂದು ದಾರಿ ತೆರೆದವರು ಮಾರ್ಷಲ್ ಯೂರಿಸ್ಟ್. 1914ರಲ್ಲಿ ಶಿಕಾಗೋದಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನಲ್ಲಿ ಎಲುಬಿನ ಸರ್ಜನ್ ಆಗಿದ್ದರು. ಆಸಿಡ್‌ನಲ್ಲಿ ಸುಣ್ಣದಂಶ ತೆಗೆದ ಎಲುಬಿನ ಚೂರನ್ನು ಮೊಲದ ಸ್ನಾಯುವಿನೊಳಗೆ ಇಟ್ಟರು. ಅಲ್ಲಿ ಹೊಸ ಎಲುಬೇ ಬೆಳೀತು ನೋಡ್ರಿ! 1965ರಲ್ಲಿ ಪ್ರಕಟಿಸಿದರು. ಕಾರಣವಾದ ಪ್ರೋಟೀನಿಗೆ ಬಿಎಂಪಿ ಅಂತ ಹೆಸರಿಟ್ಟರು. ಎಲುಬಿನಲ್ಲಿ ಅದರ ಪ್ರಮಾಣ ಎಷ್ಟು ಕಡಿಮೆ ಅಂದ್ರ, ಬೇರ್ಪಡಿಸೋದರಲ್ಲೇ ವರ್ಷಗಟ್ಟಲೆ ಹೋಯ್ತು. ಜೀನ್ ಸಿಕ್ಕಿದ್ದು 1988ರಲ್ಲಿ, ಅದೂ ಬೇರೆ ತಂಡಕ್ಕೆ.

ನಡದ ಬೆಸುಗೆಗೆ ಬಿಎಂಪಿ-2 ಬಳಸಲು ಅಮೆರಿಕ ಒಪ್ಪಿದ್ದು 2002ರಲ್ಲಿ. ಯೂರಿಸ್ಟ್ ಹಿಂದಿನ ವರ್ಷವೇ ತೀರಿಕೊಂಡಿದ್ದರು.